ತಂದೆಯ ಟೆನಿಸ್
ಮಗ ಕಾಲೇಜು ಸೇರಿದ ವರ್ಷವೇ ತಂದೆಯ ಟೆನಿಸ್ಸಿಗೆ ಗ್ರಹಣ ಹಿಡಿಯುತ್ತದೆ. ಕಾಲು ಓಡದು, ದೋಷ ಮಾತ್ರ ರ್‍ಯಾಕೆಟ್ಟಿನದು! ಹೊಸದನ್ನು ಕೊಂಡರೂ ಚೆಂಡು ಬಲೆಗೇ ಶರಣು. ಅವರನ್ನು ಸೋಲಿಸುವುದು ಮಗನ ತಾರುಣ್ಯಕ್ಕಿಂತ ಹೆಚ್ಚಾಗಿ ಪಕ್ಕದ ಗೆರೆಯ ಮೋಹ. ಆ ಗೆರೆಗುಂಟ ನೇರವಾಗಿ ಹೊಡೆದ ಚೆಂಡು ಬಲೆ ಎತ್ತರವಾಗಿರುವ ಕಡೆಯೇ ದಾಟಬೇಕು. ಬಲೆ ಕಂಬದ ಬಳಿ 3½ ಅಡಿ, ನಟ್ಟನಡುವೆ 3 ಅಡಿ. ಅಂಕಣದ ಉದ್ದ 78 ಅಡಿ. ಸಿಂಗಲ್ಸ್ ಆಟದಲ್ಲಿ ಮೂಲೆಯಿಂದ ಎದುರುಮೂಲೆಗೆ 82ಕ್ಕೂ ಮಿಕ್ಕುತ್ತದೆ. ಓರೆಯಾಗಿ ಹೊಡೆದವರಿಗೆ ತಗ್ಗಿದ ಬಲೆಯೂ ಹೆಚ್ಚಿನ ನೆಲವೂ ಒಟ್ಟಿಗೇ ಒದಗುತ್ತವೆ. ಆದರೆ ಎಂದೋ ಒಮ್ಮೆ ಗೆರೆಯ ಮೇಲೆಯೇ ಬಿದ್ದ ಹೊಡೆತದ ಸವಿನೆನಪು ಬಿಡಬೇಕಲ್ಲ! ತಂದೆಯಾದವರು ಬಲೆಗಿಂತ ಒಂದು ಗಜ ಮೇಲೆ, ಓರೆಯಾಗಿ, ಬೇಸರವಿಲ್ಲದೆ ಆರು ಬಾರಿ ಚೆಂಡನ್ನು ಹಿಂದಿರುಗಿಸಲಿ. ಏಳನೆಯದನ್ನು ಮಗನೇ ಬಲೆಗೆ ಒಪ್ಪಿಸಿಯಾನು.