ಪಾಳಿ ಒಪ್ಪಿಸುವ ಹೊತ್ತು

ನಮ್ಮ ಹಿರಿಯರು ಹಗಲಿರುಳನ್ನು ಎಂಟು ಜಾವಗಳಾಗಿ ಹಂಚಿಕೊಂಡರು. ಹಡಗಿನವರಿಗೆ ಎಂಟು ಹೆಚ್ಚೆನಿಸಿತೋ ಏನೋ, ಆರಕ್ಕೇ ತೃಪ್ತರಾದರು. ಜಾವಕ್ಕೆ ಮೂರು ಗಂಟೆಯಾದರೆ ಹಡಗಿನ ಪಾಳಿಗೆ ನಾಲ್ಕು ಗಂಟೆ. ಎಂಜಿನು ಕೋಣೆಯಲ್ಲಿ ಎಂಟರಿಂದ ಹನ್ನೆರಡರ ಪಾಳಿ ನಾಲ್ಕನೆಯ ಎಂಜಿನಿಯರನದು. ಹನ್ನೆರಡರಿಂದ ನಾಲ್ಕು ಮೂರನೆಯವನದು. ನಾಲ್ಕರಿಂದ ಎಂಟು ಎರಡನೆಯವನದು. ಹಗಲಿಗೊಮ್ಮೆ, ಇರುಳಿಗೊಮ್ಮೆ ಇದೇ ಸರದಿ. ಚೀಫ್ ಎಂಜಿನಿಯರಿಗೆ ಪಾಳಿಯೆಂಬುದಿಲ್ಲ. ಎಂದರೆ, ಇಪ್ಪತ್ತನಾಲ್ಕು ಗಂಟೆಯೂ ಅವನದೇ ಪಾಳಿಯೆಂದು ಅರ್ಥ. ನಾನು ಈ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ, ಮೂವತ್ತನಾಲ್ಕು ವರ್ಷ ಸಮುದ್ರದ ಮೇಲಿದ್ದು ಬಂದವನು. ‘ಸಮುದ್ರದ ಮೇಲೆ’ ಎಂದದ್ದು ವಾಡಿಕೆಯ ಮಾತು. ನಿಜ ಹೇಳುವುದಾದರೆ ನಾನಿದ್ದದ್ದು ಬಹುಪಾಲು ನೀರಿನ ಮಟ್ಟದ ಕೆಳಗೆ.

ಹಡಗೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಕ್ಯಾಪ್ಟನ್ನು, ದುರ್ಬೀನು, ನಕ್ಷತ್ರ, ನೀಲಿಯ ನೀರು. ಕೆಳಗೆ ನಮಗೆ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿರುವುದು ಮೂರು ಮಹಡಿ ಎತ್ತರದ ಒಂದು ಡೀಸೆಲ್ ಎಂಜಿನು; ಅದರ ಸುತ್ತ ಪಂಪುಗಳು, ಬಾಯ್ಲರು, ಜನರೇಟರುಗಳು; ಕಿವಿಗೆ ಮುಚ್ಚಳ ಹಾಕಿಕೊಂಡರೂ ಎದೆಯೊಳಗೆ ನುಗ್ಗುವ ಸದ್ದು; ಬೇಸಗೆಯ ಕಡಲಿನಲ್ಲಿ ೪೫ ಡಿಗ್ರಿಯ ಸೆಕೆ. ಸಮುದ್ರ ನಮಗೆ ತಿಳಿಯುವುದು ನೆಲ ಓಲಾಡುವುದರಿಂದ, ಇಲ್ಲವೆ ತಂಪು ನೀರಿನ ಕೊಳವೆಗೆ ಸಿಕ್ಕಿಸಿರುವ ಉಷ್ಣಮಾಪಕದಿಂದ. ಆ ಮಾಪಕ ೩೦ ದಾಟಿ ಮೇಲೇರತೊಡಗಿದರೆ, ಪರ್ಷಿಯಾದ ಕೊಲ್ಲಿ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಇಂಥ ಕಡೆ ನಾಲ್ಕು ಗಂಟೆ ಏನು ಮಾಡುತ್ತೀರಿ ಎಂದು ನೆಂಟರಿಷ್ಟರು ಕೇಳುವುದುಂಟು. ಎಂಜಿನು ತಾನಾಗಿ ಓಡುತ್ತಿರುವಾಗ ನಿಮಗೇನು ಕೆಲಸ ಎಂಬ ಒಳದನಿ ಆ ಪ್ರಶ್ನೆಯಲ್ಲಿರುತ್ತದೆ. ಕೆಲಸವೆಂದರೆ ತಿರುಗುವುದು. ಮೇಲಿನ ಮಹಡಿಯಿಂದ ಮೊದಲಾಗಿ ತಳದವರೆಗೆ, ಚುಕ್ಕಾಣಿ ಯಂತ್ರದ ಕೋಣೆಯಿಂದ ತಿರುಪಿನ ದಂಡದ ಸುರಂಗದವರೆಗೆ. ಒತ್ತಡ ಎಷ್ಟು, ಶಾಖ ಎಷ್ಟು, ತಳದ ಗುಂಡಿಯಲ್ಲಿ ನೀರು ಏರಿದೆಯೆ, ಎಣ್ಣೆ ಎಲ್ಲಿ ಒಸರುತ್ತಿದೆ—ಎಲ್ಲವನ್ನೂ ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು. ಮಾಪಕ ಹೇಳುವುದನ್ನು ಕಣ್ಣು ಓದುತ್ತದೆ. ಮಾಪಕ ಹೇಳದ್ದನ್ನು ಕೈ, ಕಿವಿ, ಮೂಗು ಓದಬೇಕು. ಅಡುಗೆಮನೆಯಲ್ಲಿ ಹಾಲು ಸೀಯುವುದನ್ನು ಗಡಿಯಾರ ನೋಡಿ ತಿಳಿದ ಗೃಹಿಣಿಯುಂಟೆ? ಹಾಗೆಯೇ ಇದು.

ಆದರೆ ಈ ನಾಲ್ಕು ಗಂಟೆಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಯಾವುದೆಂದು ಯಾರಾದರೂ ಕೇಳಿದರೆ, ಕೊನೆಯ ಹತ್ತು ನಿಮಿಷ ಎನ್ನುತ್ತೇನೆ. ಅದು ಪಾಳಿಯನ್ನು ಒಪ್ಪಿಸುವ ಹೊತ್ತು. ಬರುವವನು ಕಾಲುಗಂಟೆ ಮೊದಲೇ ಇಳಿದು, ಯಾರೊಡನೆಯೂ ಮಾತಾಡದೆ ಒಂದು ಸುತ್ತು ತಾನೇ ನೋಡಿಕೊಂಡು ಬರಬೇಕು. ಆಮೇಲೆ ಹೋಗುವವನ ಎದುರು ನಿಲ್ಲಬೇಕು. ಹಳೆಯ ಕಾಲದ ಶ್ಯಾನುಭೋಗರು ದಫ್ತರ ಒಪ್ಪಿಸುವಾಗ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತೋರಿಸುತ್ತಿದ್ದರಂತೆ. ಹಾಗೆ, ಹೋಗುವವನು ಎಲ್ಲವನ್ನೂ ಬಿಚ್ಚಿ ಹೇಳಬೇಕು. ಹಡಗಿನವರ ತರಬೇತು, ಪಾಳಿಗಳನ್ನು ಕುರಿತು ೧೯೭೮ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಂದು ಒಪ್ಪಂದವುಂಟು. ಅದರ ಕಟ್ಟಳೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು: ಪಾಳಿಗೆ ಬಂದವನು ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲವೆಂದು ಕಂಡರೆ ಹೋಗುವವನು ಪಾಳಿಯನ್ನು ಒಪ್ಪಿಸಕೂಡದು, ಚೀಫ್ ಎಂಜಿನಿಯರಿಗೆ ತಿಳಿಸಬೇಕು. ‘ನನ್ನ ಹೊತ್ತು ಮುಗಿಯಿತು’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಹೊತ್ತು ಗಡಿಯಾರದಿಂದ ಮುಗಿಯುವುದಿಲ್ಲ, ಇನ್ನೊಬ್ಬ ಕೈಗೆ ತೆಗೆದುಕೊಂಡಾಗ ಮುಗಿಯುತ್ತದೆ.

೧೯೮೩ರ ಫೆಬ್ರವರಿಯ ಒಂದು ರಾತ್ರಿಯ ಮಾತು. ವಿಶಾಖಪಟ್ಟಣದಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಜಪಾನಿಗೆ ಹೊರಟಿದ್ದೆವು. ಬಂಗಾಳ ಕೊಲ್ಲಿ ಕೆರೆಯಂತೆ ಶಾಂತವಾಗಿತ್ತು. ನಾನು ಮೂರನೆಯ ಎಂಜಿನಿಯರು. ಹನ್ನೆರಡಕ್ಕೆ ನನಗೆ ಪಾಳಿ ಒಪ್ಪಿಸಬೇಕಾದವನು ಇಪ್ಪತ್ತಮೂರು ವರ್ಷದ ಹುಡುಗ, ರತ್ನಾಗಿರಿಯ ಕಡೆಯವನು. ಹೇಳಬೇಕಾದುದನ್ನೆಲ್ಲ ಹೇಳಿದ. ಅಂಕಿಗಳೆಲ್ಲ ನೆಟ್ಟಗಿದ್ದುವು. ಆಮೇಲೆ ಮೆಟ್ಟಿಲ ಕಡೆಗೆ ಹೋಗದೆ ಅಲ್ಲಿಯೇ ನಿಂತ.

“ಸಾರ್, ನಾಲ್ಕನೆಯ ಸಿಲಿಂಡರಿನ ಕೆಳಗಿನ ಬಾಗಿಲು ನನಗೇಕೋ ಸರಿಕಾಣುವುದಿಲ್ಲ.”

“ಏಕೆ? ಬಿಸಿಯೆ?”

“ಬಿಸಿಯೆನ್ನಲಾರೆ. ಎಲ್ಲವೂ ಒಂದೇ ಹಾಗಿವೆ. ಆದರೆ ನನ್ನ ಕೈ ತಾನಾಗಿಯೇ ಮೂರು ಸಲ ಅಲ್ಲಿಗೆ ಹೋಯಿತು.”

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಬಹುಶಃ ಏನೂ ಇರಲಿಕ್ಕಿಲ್ಲ ಎಂದು ಸೇರಿಸಿದ. ನಾವಿಬ್ಬರೂ ಹೋಗಿ ಮುಟ್ಟಿ ನೋಡಿದೆವು. ಆರು ಬಾಗಿಲೂ ಒಂದೇ ಸಮ. ಅವನು ಮಲಗಲು ಹೋದ. ನಾನು ಸುತ್ತಿನ ಲೆಕ್ಕ ಬದಲಿಸಿ, ಹತ್ತು ನಿಮಿಷಕ್ಕೊಮ್ಮೆ ಮೂರು, ನಾಲ್ಕು, ಐದು—ಈ ಮೂರು ಬಾಗಿಲುಗಳ ಮೇಲೆ ಅಂಗೈಯಿಡುತ್ತ ಬಂದೆ. ಒಂದೂ ಹತ್ತರ ಹೊತ್ತಿಗೆ ಸಂಶಯ ಉಳಿಯಲಿಲ್ಲ. ಮೂರರ ಮೇಲೂ ಐದರ ಮೇಲೂ ನೆಮ್ಮದಿಯಾಗಿ ನಿಲ್ಲುತ್ತಿದ್ದ ಕೈ ನಾಲ್ಕರ ಮೇಲೆ ನಿಲ್ಲಲೊಲ್ಲದಾಯಿತು.

ಮುಂದಿನದು ಪಾಠದಲ್ಲಿ ಕಲಿತದ್ದೇ. ಮೇಲೆ ನಾವಿಕರ ಕೋಣೆಗೆ ತಿಳಿಸಿ ವೇಗ ತಗ್ಗಿಸಿದೆ, ಚೀಫ್ ಎಂಜಿನಿಯರನ್ನು ಎಬ್ಬಿಸಿದೆ. ತೇಲ್‌ವಾಲಾನನ್ನು ಬಾಗಿಲುಗಳ ಬಳಿಯಿಂದ ದೂರ ಕಳಿಸಿದೆ. ಎಂಜಿನು ನಿಂತಿತು, ಎಣ್ಣೆಯ ಪಂಪು ಮಾತ್ರ ನಿಲ್ಲದೆ ನಡೆಯಿತು. ಚೀಫ್ ಪಾಯಜಾಮದಲ್ಲಿಯೇ ಇಳಿದು ಬಂದರು. ಬಂದವರು ಮಾಡಿದ್ದೇನೆಂದರೆ, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. “ಒಂದು ಗಂಟೆ ಯಾರೂ ಬಾಗಿಲು ತೆಗೆಯಕೂಡದು. ಚಹಾ ತರಿಸಿ” ಎಂದರು. ಕಡಲ ನಡುವೆ ಸದ್ದಡಗಿದ ಹಡಗಿನಲ್ಲಿ, ಬಾಗಿಲ ಹಿಂದೆ ಏನಾಗಿದೆಯೆಂದು ತಿಳಿಯದೆ, ಸುಮ್ಮನೆ ಕುಳಿತಿರುವುದು ಸುಲಭದ ಕೆಲಸವಲ್ಲ.

ಏಕೆ ತೆಗೆಯಕೂಡದೆಂಬುದನ್ನು ಓದುಗರಿಗೆ ಹೇಳಬೇಕು. ಎಂಜಿನಿನ ಹೊಟ್ಟೆಯಲ್ಲಿ ಒಂದು ಬೇರಿಂಗು ಕಾದರೆ, ಅದಕ್ಕೆ ತಗುಲಿದ ಎಣ್ಣೆ ಆವಿಯಾಗುತ್ತದೆ. ಆವಿ ತಂಪಿನ ಕಡೆ ಸರಿದು ಬಿಳಿಯ ಮಂಜಾಗುತ್ತದೆ. ಆ ಮಂಜು ಗಾಳಿಯೊಡನೆ ಹದವಾಗಿ ಬೆರೆತು ಮತ್ತೆ ಕಾದ ಜಾಗಕ್ಕೆ ತಗುಲಿದರೆ ಸಿಡಿಯುತ್ತದೆ. ಮೊದಲ ಸಿಡಿತಕ್ಕೆ ಬಾಗಿಲು ಹಾರಿದರೆ ಹೊರಗಿನ ಗಾಳಿ ಒಳನುಗ್ಗಿ ಎರಡನೆಯ ಸಿಡಿತವಾಗುತ್ತದೆ. ಅದು ಮೊದಲನೆಯದಕ್ಕಿಂತ ಘೋರ. ಅವಸರದಿಂದ ಬಾಗಿಲು ತೆಗೆಯುವವನು ಆ ಗಾಳಿಯನ್ನು ತಾನೇ ಕರೆದು ಒಳಗೆ ಬಿಟ್ಟಂತೆ. ೧೯೪೭ರ ಸೆಪ್ಟೆಂಬರಿನಲ್ಲಿ ‘ರೈನಾ ಡೆಲ್ ಪೆಸಿಫಿಕೊ’ ಎಂಬ ಹಡಗು ಯುದ್ಧಕಾಲದ ಚಾಕರಿ ಮುಗಿಸಿ, ಬೆಲ್‌ಫಾಸ್ಟಿನಲ್ಲಿ ದುರಸ್ತಿಯಾಗಿ, ಪರೀಕ್ಷೆಗೆಂದು ಕಡಲಿಗೆ ಹೊರಟಿದ್ದಾಗ ಇಂಥದೇ ಸಿಡಿತದಲ್ಲಿ ೨೮ ಜನ ಸತ್ತರು. ಇಂದು ಎಂಜಿನುಗಳ ಬಾಗಿಲಲ್ಲಿ ಒತ್ತಡವನ್ನು ಹೊರಬಿಟ್ಟು ಒಡನೆಯೇ ಮುಚ್ಚಿಕೊಳ್ಳುವ ಕವಾಟಗಳಿವೆ, ಮಂಜನ್ನು ಕಂಡುಹಿಡಿಯುವ ಯಂತ್ರಗಳಿವೆ. ಆ ೨೮ ಜನರ ಸಾವು ಕಲಿಸಿದ ಪಾಠ ಅವುಗಳ ಹಿಂದಿದೆ. ನಮ್ಮ ಹಡಗಿನಲ್ಲಿಯೂ ಅಂಥ ಯಂತ್ರವಿತ್ತು. ಅದು ಸುಮ್ಮನಿದ್ದುದು ಅದರ ದೋಷವಲ್ಲ. ಮಂಜು ಹುಟ್ಟಿದ ಮೇಲೆ ಮಾತನಾಡುವುದು ಅದರ ಧರ್ಮ. ಇನ್ನೂ ಮಂಜು ಹುಟ್ಟಿರಲಿಲ್ಲ.

ಬಾಗಿಲು ತೆಗೆದಾಗ ತಳದ ಎಣ್ಣೆಯಲ್ಲಿ ಅಕ್ಕಿಕಾಳಿನಂಥ ಬಿಳಿ ಲೋಹದ ಚೂರುಗಳು ಹೊಳೆದುವು. ನಾಲ್ಕನೆಯ ಸಿಲಿಂಡರಿನ ಕೆಳತುದಿಯ ಬೇರಿಂಗು ಸವೆದು ಕರಗಲು ಮೊದಲಾಗಿತ್ತು. ಒಳಗಿಳಿದು ಹೊಸದನ್ನು ಕೂಡಿಸುವಷ್ಟರಲ್ಲಿ ಮರುದಿನ ಸಂಜೆ ಐದಾಯಿತು. ಆ ಹುಡುಗ ತನ್ನ ನಿದ್ದೆ ಬಿಟ್ಟು ಬಂದು, ಎಣ್ಣೆಯಲ್ಲಿ ಮಿಂದು, ನಮ್ಮೊಡನೆ ದುಡಿದ. ಲಾಗ್ ಪುಸ್ತಕದಲ್ಲಿ ಚೀಫ್ ನಾಲ್ಕು ಸಾಲು ಬರೆದರು. ಅವನ ಅಂಗೈಯ ಸುದ್ದಿ ಅದರಲ್ಲಿಲ್ಲ. ಅಂಥದ್ದನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇಲ್ಲ.

ಆ ರಾತ್ರಿಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಮುಟ್ಟಿ ನೋಡಿದ್ದು ದೊಡ್ಡದಲ್ಲ, ಎಲ್ಲರೂ ಮುಟ್ಟುತ್ತಾರೆ. ರುಜುವಾತಿಲ್ಲದ ಮಾತನ್ನು ತನಗಿಂತ ಹಿರಿಯನೆದುರು ಆಡಿದನಲ್ಲ, ಅದು ದೊಡ್ಡದು. ಮೇಲೆ ಹಾಸಿಗೆ ಕಾದಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಹೇಳಿದರೆ ನಗುತ್ತಾರೆಂಬ ಅಳುಕಿರುತ್ತದೆ. ‘ಆಲ್ ಓಕೆ’ ಎಂದುಬಿಟ್ಟರೆ ಎಲ್ಲ ತೊಡಕೂ ತೀರಿತು. ಹಡಗಿನಲ್ಲಿ ಬಿರುಗಾಳಿಯನ್ನು ಕಂಡಿದ್ದೇನೆ, ಬೆಂಕಿಯನ್ನು ಕಂಡಿದ್ದೇನೆ. ಈ ಎರಡು ಪದಗಳಷ್ಟು ಅಪಾಯದ್ದನ್ನು ಕಾಣಲಿಲ್ಲ. ಹೆಸರು ಬೇಡ, ಒಂದು ಕಂಪೆನಿಯ ಹಡಗಿಗೆ ನಾನು ಹೋದಾಗ ಅದರ ಲಾಗ್ ಪುಸ್ತಕ ನೋಡಿ ಬೆರಗಾದೆ. ಮೂರು ವಾರ ಒಂದೇ ಒತ್ತಡ, ಒಂದೇ ಶಾಖ. ಮುತ್ತು ಪೋಣಿಸಿದಂಥ ಅಕ್ಷರ. ಇಷ್ಟು ಸಭ್ಯವಾದ ಎಂಜಿನು ಲೋಕದಲ್ಲಿಲ್ಲ. ವಿಚಾರಿಸಿದರೆ, ದುರಸ್ತಿಗೆಂದು ಬಿಚ್ಚಿಟ್ಟಿದ್ದ ಒಂದು ಪಂಪೂ ಆ ಪುಸ್ತಕದಲ್ಲಿ ಮೂರು ದಿನ ಚೆನ್ನಾಗಿ ಓಡಿತ್ತು! ಹಿಂದಿನ ಪಾಳಿಯವನು ಬರೆದುದನ್ನು ಮುಂದಿನವನು ನಕಲು ಮಾಡುತ್ತ ಹೋಗಿದ್ದ. ಅಲ್ಲಿ ಪಾಳಿ ಬದಲಾಗುತ್ತಿತ್ತು, ಒಪ್ಪಿಸುವುದೆಂಬುದು ಇರಲಿಲ್ಲ.

ಇಂಥವರನ್ನು ಬರಿದೆ ಬೈದು ಪ್ರಯೋಜನವಿಲ್ಲ. ನಿದ್ದೆಗೆಟ್ಟವನಿಂದ ಸತ್ಯವನ್ನು ನಿರೀಕ್ಷಿಸುವುದು ಹಸಿದವನಿಂದ ಸಂಗೀತ ನಿರೀಕ್ಷಿಸಿದಂತೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ೧೦ ಗಂಟೆ, ಏಳು ದಿನಗಳಲ್ಲಿ ೭೭ ಗಂಟೆ ವಿಶ್ರಾಂತಿ ಸಿಗಬೇಕೆಂದು ಈಗ ಕಾಯಿದೆಯಿದೆ. ನಾಲ್ಕು ದಿನದಲ್ಲಿ ಮೂರು ಬಂದರು, ನಡುವೆ ಇಂಧನ ತುಂಬುವುದು, ತಪಾಸಣೆಯವರು—ಈ ಗದ್ದಲದಲ್ಲಿ ವಿಶ್ರಾಂತಿ ಬಹಳ ಸಲ ಸಿಗುವುದು ಕಾಗದದ ಮೇಲೆ. ಒಬ್ಬ ಚೀಫ್ ಎಂಜಿನಿಯರು, ಸರಕು ತುಂಬಿ ಹೊರಡಲು ನಿಂತ ಹಡಗಿನಲ್ಲಿ ಕ್ಯಾಪ್ಟನ್ನಿಗೆ ಹೇಳಿದುದನ್ನು ನಾನೇ ಕೇಳಿದ್ದೇನೆ: “ಎಂಜಿನು ಸಿದ್ಧವಾಗಿದೆ. ಮನುಷ್ಯರು ಸಿದ್ಧರಾಗಿಲ್ಲ.” ಹಡಗು ಆರು ಗಂಟೆ ತಡವಾಗಿ ಹೊರಟಿತು. ಮಾಲೀಕರಿಂದ ಕೆಂಡದಂಥ ತಂತಿ ಬಂತು. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಈಗಿನ ಹಡಗುಗಳಲ್ಲಿ ರಾತ್ರಿ ಪಾಳಿಯೆಂಬುದು ಬಹುಮಟ್ಟಿಗೆ ಹೋಗಿದೆ. ಸಂಜೆ ಎಲ್ಲವನ್ನೂ ಒಮ್ಮೆ ನೋಡಿ, ಎಂಜಿನು ಕೋಣೆಯನ್ನು ಯಂತ್ರಗಳ ಕಾವಲಿಗೇ ಬಿಟ್ಟು ಎಂಜಿನಿಯರರು ಮೇಲೆ ಹೋಗುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಸರದಿಯವನ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಒಂಟಿಯಾಗಿ ಕೆಳಗಿಳಿದವನು ಗೊತ್ತಾದ ಹೊತ್ತಿಗೊಮ್ಮೆ ಒಂದು ಗುಂಡಿಯನ್ನು ಒತ್ತದಿದ್ದರೆ, ಅವನಿಗೇನಾಯಿತೋ ಎಂದು ಇನ್ನೊಂದು ಗಂಟೆ ಬಾರಿಸುತ್ತದೆ. ನಾನೂ ಇಂಥ ಹಡಗುಗಳಲ್ಲಿ ದುಡಿದವನೇ. ಇದನ್ನು ಹಳಿಯುವ ಮುದುಕನಾಗಲು ನನಗಿಷ್ಟವಿಲ್ಲ. ಯಂತ್ರ ತೂಕಡಿಸುವುದಿಲ್ಲ, ಅಂಕಿಗಳನ್ನು ನಕಲು ಮಾಡುವುದಿಲ್ಲ. ಆದರೆ ಗಂಟೆ ಬಾರಿಸುವುದಷ್ಟೇ ಅದಕ್ಕೆ ಗೊತ್ತು. ಕೇಳಿದವನ ಮನಸ್ಸಿಗೆ ನಾಟುವಂತೆ ಒಪ್ಪಿಸಲು ಬಾರದು. ೨೦೧೯ರ ಮಾರ್ಚ್ ೨೩ರಂದು ನಾರ್ವೆಯ ಕರಾವಳಿಯಲ್ಲಿ ‘ವೈಕಿಂಗ್ ಸ್ಕೈ’ ಎಂಬ ಪ್ರಯಾಣಿಕರ ಹಡಗು ಬಿರುಗಾಳಿಯ ನಡುವೆ ಒಮ್ಮೆಲೇ ಶಕ್ತಿ ಕಳೆದುಕೊಂಡು ಬಂಡೆಗಳ ಕಡೆಗೆ ತೇಲಿತು. ಅದರಲ್ಲಿದ್ದವರು ಸಾವಿರದ ಮುನ್ನೂರಕ್ಕೂ ಹೆಚ್ಚು ಜನ. ಬೆಳಗಿನಿಂದ ಎಣ್ಣೆಯ ಮಟ್ಟ ಇಳಿದಿದೆಯೆಂದು ಎಚ್ಚರಿಕೆಗಳು ಹಲವು ಬಾರಿ ಬಂದು, ಅಷ್ಟೇ ಬೇಗ ಅಳಿಸಿಹೋಗಿದ್ದುವು. ಎಂಜಿನುಗಳ ತಳದಲ್ಲಿ ಎಣ್ಣೆ ಕಡಿಮೆಯಿತ್ತು. ಹಡಗು ಹೊರಳಾಡಿದಾಗ ಪಂಪಿನ ಬಾಯಿಗೆ ಎಣ್ಣೆ ದಕ್ಕಲಿಲ್ಲ. ಪುಣ್ಯವಶಾತ್ ಎಂಜಿನು ಮತ್ತೆ ಹೊತ್ತಿಕೊಂಡು ಹಡಗು ಉಳಿಯಿತು. ಕೊರತೆಯಿದ್ದುದು ಎಚ್ಚರಿಕೆಗಲ್ಲ.

ನಾನು ನಿವೃತ್ತನಾಗಿ ಕುಮಟೆಯ ಬಳಿ ಮನೆ ಮಾಡಿಕೊಂಡು ವರ್ಷಗಳಾದುವು. ಪಾಳಿ ಒಪ್ಪಿಸುವವರು ಹಡಗಿನಲ್ಲಿ ಮಾತ್ರ ಇಲ್ಲವೆಂದು ಈಗ ತೋರುತ್ತದೆ. ಆಸ್ಪತ್ರೆಯಲ್ಲಿ ಬೆಳಗಿನ ದಾದಿ ಸಂಜೆಯವಳಿಗೆ ರೋಗಿಯನ್ನು ಒಪ್ಪಿಸುತ್ತಾಳೆ. ರೈಲಿನ ಚಾಲಕ ಇನ್ನೊಬ್ಬನಿಗೆ ಗಾಡಿಯನ್ನು ಒಪ್ಪಿಸುತ್ತಾನೆ. ತಂದೆ ಮಗನಿಗೆ ತೋಟ ಒಪ್ಪಿಸುತ್ತಾನೆ. ಅಂಕಿ, ಪತ್ರ, ಬೀಗದ ಕೈ ಎಲ್ಲ ಸರಿಯಾಗಿಯೇ ಕೈಸೇರುತ್ತವೆ. ‘ಇದೊಂದು ನನಗೇಕೋ ಸರಿಕಾಣುವುದಿಲ್ಲ, ನೋಡುತ್ತಿರು’ ಎಂಬ ಮಾತು ಬಾಯಿತುದಿಗೆ ಬಂದು ಎಷ್ಟು ಸಲ ನುಂಗಿಹೋಗಿದೆಯೋ! ಆಡಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಮನೆಯ ಬಾವಿಯ ಪಂಪಿನ ಮೇಲೆ ದಿನಕ್ಕೆರಡು ಸಲ ಅಂಗೈಯಿಟ್ಟು ನೋಡುತ್ತೇನೆಂದು ನನ್ನ ಹೆಂಡತಿ ನಗುತ್ತಾಳೆ. ನಗಲಿ. ಮೊನ್ನೆ ಮಗಳ ಮನೆಗೆ ಹೊರಡುವಾಗ ನೀರು ಬಿಡುವ ಹುಡುಗನಿಗೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಅವಳೇ ಮೆಟ್ಟಿಲ ಬಳಿ ನಿಂತು ಇನ್ನೊಂದು ಮಾತು ಸೇರಿಸಿದಳು: “ಪಂಪಿನ ಸದ್ದು ಯಾಕೋ ಮೊದಲಿನ ಹಾಗಿಲ್ಲಪ್ಪ, ಸ್ವಲ್ಪ ಕಿವಿಯಿಟ್ಟಿರು.” ಕಾರಣವೇನೆಂದು ಅವನು ಕೇಳಲಿಲ್ಲ. ಹೋಗಿ ಪಂಪಿನ ಪಕ್ಕದಲ್ಲಿ ಕುಳಿತ.