ಕರೆ ಮಾಡುವವರ ಪಾಲು

ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಾದರೂ ನಿಂತು ನೋಡಿ. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನು ಸಿಕ್ಕಿಸಿಕೊಂಡವರು, ಕತ್ತು ಓರೆ ಮಾಡಿ ಭುಜಕ್ಕೆ ಒತ್ತಿಕೊಂಡವರು, ತೊಡೆಯ ಮೇಲೆ ಫೋನಿಟ್ಟು ಮೆಸೇಜು ಒತ್ತುವವರು ಕಾಣುತ್ತಾರೆ. ಪೊಲೀಸರು ಹಿಡಿದರೆ ದಂಡ ಕಟ್ಟುವವರು ಇವರೇ. ಆದರೆ ಆ ಮಾತಿಗೆ ಇನ್ನೊಂದು ತುದಿಯೂ ಇದೆ. ಅಲ್ಲಿರುವವರು ನಾವು ನೀವು.

ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿ ಫೋನು ಕೈಯಲ್ಲಿ ಹಿಡಿದು ಗಾಡಿ ಓಡಿಸುವುದನ್ನೂ, ಕೆಂಪು ದೀಪ ದಾಟುವುದನ್ನೂ ಅದರಲ್ಲಿ ಒಂದೇ ಸಾಲಿಗೆ ಸೇರಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಕಾಯ್ದೆಯ ಪ್ರಕಾರ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಎರಡೂ ಆಗಬಹುದು. 2020ರ ಅಕ್ಟೋಬರಿನಿಂದ ದಾರಿ ನೋಡಿಕೊಳ್ಳಲು ಮಾತ್ರ ಫೋನಿಗೆ ಅವಕಾಶವಿದೆ, ಅದೂ ಚಾಲಕನ ಗಮನ ಕದಲದಂತೆ.

ಇಷ್ಟು ಬಿಗಿ ಏಕೆಂಬುದಕ್ಕೆ ಶಾಲೆಯ ಲೆಕ್ಕ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಯಾರ ಕರೆಯೆಂದು ಮೂರು ಸೆಕೆಂಡು ಪರದೆ ನೋಡಿದರೆ, ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ. ಆ 50 ಮೀಟರಿನಲ್ಲಿ ಮಗುವೊಂದು ರಸ್ತೆಗೆ ಇಳಿದಿದ್ದರೆ?

ಬ್ಲೂಟೂತ್ ಇದೆಯಲ್ಲ ಎನ್ನಬಹುದು. ಕೈಗೆ ಬಿಡುವಾಗುತ್ತದೆ, ಮನಸ್ಸಿಗೆ ಆಗುವುದಿಲ್ಲ. ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯ ಹೆಚ್ಚೇನೂ ತಗ್ಗದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಪಕ್ಕದಲ್ಲಿ ಕೂತವರೊಡನೆ ಮಾತಾಡುವುದು ಬೇರೆ. ಲಾರಿ ಅಡ್ಡ ಬಂದರೆ ಅವರೂ ಮಾತು ನಿಲ್ಲಿಸುತ್ತಾರೆ, "ಹುಷಾರು, ಮುಂದೆ ಹಂಪ್ ಇದೆ" ಎನ್ನುತ್ತಾರೆ. ದೂರದಲ್ಲಿರುವವರಿಗೆ ಲಾರಿಯೂ ಕಾಣದು, ಹಂಪೂ ಕಾಣದು. ಅವರು ಮಾತು ಮುಂದುವರಿಸುತ್ತಾರೆ, ಇವರು ಉತ್ತರ ಕೊಡುತ್ತಾರೆ.

ಕಾನೂನು ಕರೆ ಮಾಡಿದವರನ್ನು ಕೇಳುವುದಿಲ್ಲ. ನಾವೇ ಕೇಳಿಕೊಳ್ಳಬೇಕು. ಎತ್ತದಿದ್ದರೆ ಗಾಡಿಯಲ್ಲಿರಬಹುದು ಎಂದು ಸುಮ್ಮನಾಗುವ ಬದಲು ಮತ್ತೆ ಮತ್ತೆ ಒತ್ತುತ್ತೇವೆ. ಬಿಡದೆ ರಿಂಗಾದರೆ ಮನೆಯಲ್ಲಿ ಏನಾಯಿತೋ ಎಂದು ಎಂಥವರ ಕೈಯೂ ಜೇಬಿಗೆ ಹೋಗುತ್ತದೆ. ಊಟ ತರುವ ಹುಡುಗನಿಗೆ "ಎಲ್ಲಿದ್ದೀಯಪ್ಪಾ?" ಎಂದು ಕೇಳುವಾಗ ಅವನು ಎಲ್ಲಿದ್ದಾನೆಂದು ನಮಗೆ ಗೊತ್ತೇ ಇರುತ್ತದೆ: ರಸ್ತೆಯಲ್ಲಿ.

ಓಡಿಸುವವರು ಹೊರಡುವ ಮುನ್ನ ಫೋನು ಸೈಲೆಂಟಿಗೆ ಹಾಕಲಿ, ತೀರಾ ಬೇಕಾದರೆ ಬದಿಗೆ ನಿಲ್ಲಿಸಿ ಮಾತಾಡಲಿ. ನಾವು ಒಂದು ಸಲ ಕರೆದು ಕಾಯೋಣ. ಅಕಸ್ಮಾತ್ ಎತ್ತಿದರೆ "ಗಾಡಿ ಓಡಿಸ್ತಿದ್ದೀಯಾ?" ಎಂದು ಮೊದಲು ಕೇಳಿ, ಹೌದೆಂದರೆ ತಕ್ಷಣ ಇಟ್ಟುಬಿಡಿ.