ಅಶೋಕನ ಸೈನ್ಯಕ್ಕೆ ಸಿಂಧನೂರಿನ ಮಣ್ಣು

ವೀಕೆಂಡಲ್ಲಿ ಏನ್ ಮಾಡ್ತೀರಿ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ‘ಯುದ್ಧಕ್ಕೆ ತಯಾರಿ’ ಅಂತೀನಿ. ನಗ್ತಾರೆ. ಸುಳ್ಳೇನಲ್ಲ. 28 ಮಿಲಿಮೀಟರ್ ಎತ್ತರದ ಲೋಹದ ಸೈನಿಕರಿಗೆ ಬಣ್ಣ ಹಚ್ಚೋದು ನನ್ನ ಹವ್ಯಾಸ. ಸೈನ್ಯ ತಯಾರಾದ ಮೇಲೆ ಟೇಬಲ್ ಮೇಲೆ ನಿಲ್ಲಿಸಿ, ಟೇಪ್ ಹಿಡಿದು ಅಳೆದು ನಡೆಸಿ, ದಾಳ ಉರುಳಿಸಿ ಆಡೋದು. ಚದುರಂಗದ ದೂರದ ಸಂಬಂಧಿ ಅಂದ್ಕೊಳ್ಳಿ.

ಈ ಆಟದಲ್ಲಿ ರೋಮನ್ನರು, ಗ್ರೀಕರು ಎಲ್ಲರ ಹತ್ತಿರವೂ ಇರ್ತಾರೆ. ನಾನು ಮೌರ್ಯರನ್ನು ಆರಿಸಿಕೊಂಡೆ, ಕಾರಣ ನಮ್ಮೂರು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ನಡುವೆ ಮಸ್ಕಿ ಬರುತ್ತೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಬಂಡೆಯ ಮೇಲಿನ ಶಾಸನವನ್ನು ಗುರುತಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಷ್ಟೇ ಇದ್ದ ರಾಜನನ್ನು ಮಸ್ಕಿಯ ಬಂಡೆ ಅಶೋಕ ಅಂತ ಹೆಸರು ಹಿಡಿದು ಕರೆದಿತ್ತು.

ಬಣ್ಣಕ್ಕೆ ಆಧಾರ ಗ್ರೀಕರ ಬರಹ. ಅಲೆಕ್ಸಾಂಡರನ ಜೊತೆ ಬಂದಿದ್ದ ನಿಯಾರ್ಕಸ್ ಕಂಡದ್ದನ್ನು ಆರಿಯನ್ ಬರೆದಿಟ್ಟಿದ್ದಾನೆ: ಇಲ್ಲಿನ ಕಾಲಾಳುಗಳ ಬಿಲ್ಲು ಆಳೆತ್ತರ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಬಾಣ ಬಿಡ್ತಿದ್ರು. ಗಡ್ಡಕ್ಕೆ ಬಿಳಿ, ನೀಲಿ, ಕೆಂಪು, ಹಸಿರು ಬಣ್ಣ ಹಾಕ್ಕೋತಿದ್ರು. ಹಸಿರು ಗಡ್ಡ! ಬಣ್ಣ ಹಚ್ಚುವವನಿಗೆ ಇದಕ್ಕಿಂತ ಹಬ್ಬ ಇಲ್ಲ. ಕಷ್ಟ ಕೊಡೋದು ಹತ್ತಿಯ ಬಿಳಿ ಪಂಚೆ. ನೇರ ಬಿಳಿ ಬಳಿದರೆ ಗೋಡೆಗೆ ಸುಣ್ಣ ಹೊಡೆದಂಗೆ ಕಾಣುತ್ತೆ. ಕಂದು ಬೂದಿಯಿಂದ ಶುರು ಮಾಡಿ, ನೆರಿಗೆಯ ಏರುಗಳಿಗೆ ಮಾತ್ರ ಬಿಳಿ ಮುಟ್ಟಿಸಬೇಕು.

ಕೊನೆಗೆ ನೆಲ. ಸೈನಿಕ ನಿಲ್ಲೋ ಪುಟ್ಟ ಪೀಠಕ್ಕೆ ಅಂಗಡಿಯ ಪುಡಿ ಸಿಗುತ್ತೆ, ನನಗೆ ಬೇಡ. ಶಾಸನದ ಜಾಗ ಸಂರಕ್ಷಿತ, ಅಲ್ಲಿಂದ ಚಿಟಿಕೆ ಮಣ್ಣೂ ತರೋ ಹಂಗಿಲ್ಲ. ನಮ್ಮ ಹೊಲದ ಎರೆಮಣ್ಣು ಇದೆಯಲ್ಲ. ಹಂಚಿನ ಮೇಲೆ ಹುರಿದು, ಚಹಾ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದು, ಫೆವಿಕಾಲ್ ಬಳಿದ ಪೀಠದ ಮೇಲೆ ಉದುರಿಸ್ತೀನಿ. ಒಣಗಿದ ಮೇಲೆ ತಿಳಿ ಬಣ್ಣದ ಒಣ ಬ್ರಷ್ ಆಡಿಸಿದರೆ ಬೇಸಿಗೆಯ ರಾಯಚೂರು ಸೀಮೆ ರೆಡಿ. ‘ಬೆಂಗಳೂರಾಗ ಮಣ್ಣೂ ಸಿಗಂಗಿಲ್ಲೇನೋ?’ ಅಂತ ಅವ್ವ ಕೇಳ್ತಾಳೆ. ಹಂಚು ಅವಳದೇ, ಹಾಗಾಗಿ ಕೇಳೋ ಹಕ್ಕಿದೆ.

ಒಂದು ಲೆಕ್ಕ ಮಾತ್ರ ನನ್ನನ್ನು ಬಿಟ್ಟಿಲ್ಲ. ಕಳಿಂಗದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಅಂತ ಅಶೋಕನೇ 13ನೇ ಶಿಲಾಶಾಸನದಲ್ಲಿ ಕೆತ್ತಿಸಿದ್ದಾನೆ. ಶಾಲೆಯಲ್ಲಿ ಇದು ಎರಡು ಮಾರ್ಕಿನ ಉತ್ತರ. ಈಗ ಬ್ರಷ್ ಹಿಡಿದು ಲೆಕ್ಕ ಹಾಕ್ತೀನಿ: ರಾತ್ರಿಗೆ ಇಬ್ಬರಂತೆ, ಒಂದು ದಿನವೂ ರಜೆ ಇಲ್ಲದೆ ಹಚ್ಚಿದರೂ ಸತ್ತವರನ್ನಷ್ಟೇ ಮುಗಿಸೋಕೆ 137 ವರ್ಷ ಬೇಕು. ನನ್ನ ಮೊಮ್ಮಗನೂ ಹಚ್ಚುತ್ತಾ ಕೂರಬೇಕು.

ಮಸ್ಕಿಯ ಶಾಸನದಲ್ಲಿ ಕಳಿಂಗದ ಮಾತಿಲ್ಲ. ಧರ್ಮದಲ್ಲಿ ನಡೆದರೆ ಸಿಗುವ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತೆ ಅನ್ನೋ ಮಾತಿದೆ. ಈ ಹವ್ಯಾಸದ ರೂಢಿ ಉಲ್ಟಾ: ಆನೆ ಮೇಲಿನ ಸೇನಾಪತಿಗೆ ವಾರಗಟ್ಟಲೆ ಕೆಲಸ, ಹಿಂದಿನ ಸಾಲಿನವರಿಗೆ ಒಂದೇ ಬಳಿತ, ದೂರದಿಂದ ಯಾರು ನೋಡ್ತಾರೆ ಅಂತ. ನಾನು ಹಿಂದಿನ ಸಾಲಿಗೂ ಕಣ್ಣು ಬಿಡಿಸ್ತೀನಿ. ಅದಕ್ಕೇ ನನ್ನ ಸೈನ್ಯ ಇನ್ನೂ 64 ಜನಕ್ಕೆ ನಿಂತಿದೆ, ಆಟಕ್ಕೆ ಸಾಲಲ್ಲ. ಸಾಲದಿದ್ದರೆ ಇರಲಿ ಬಿಡಿ.